ಅರ್ಥ್‌ಸೀ ಮತ್ತೆ ಓದುವುದಾದರೆ ಮೊದಲಿಂದಲೋ, ನೇರ 'ತೆಹಾನು'ವಿಗೋ?

ಸಂಜೆಮೋಡ
ಅರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಅನ್ನೋ ಮಾಂತ್ರಿಕ ಲೋಕದ ಕಥೆಗಳ ಸರಣಿಯ ಮೊದಲ ಮೂರು ಪುಸ್ತಕ ಕಾಲೇಜಿನಲ್ಲಿದ್ದಾಗ ಒಂದೇ ಉಸಿರಿಗೆ ಓದಿದ್ದೆ. ಮಾಂತ್ರಿಕ ಗೆಡ್ ತನ್ನದೇ ನೆರಳನ್ನು ಅಟ್ಟಿಕೊಂಡು ಸಮುದ್ರದಾಚೆ ಹೋಗುವುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕನೆಯದು, 'ತೆಹಾನು', ಮಾತ್ರ ಸ್ವಲ್ಪ ಓದಿ ಬಿಟ್ಟೆ. ಡ್ರ್ಯಾಗನ್ ಬರುತ್ತೆ ಅಂತ ಕಾದರೆ ಬರೀ ಆಡು, ಒಲೆ, ಪಾತ್ರೆ ತೊಳೆಯುವುದು. ಈಗ ಮತ್ತೆ ಓದುವ ಆಸೆ. ಹತ್ತಿರದವರೊಬ್ಬರು ಚಿಕ್ಕಂದಿನಲ್ಲಿ ಆದ ಹಿಂಸೆಯಿಂದ ನಿಧಾನಕ್ಕೆ ಹೊರಗೆ ಬರುತ್ತಿದ್ದಾರೆ, ಅವರಿಗೂ ಕೊಡಬಹುದಾ ಅಂತ ಯೋಚನೆ. ಮೊದಲಿಂದ ಓದಬೇಕಾ? ತುಂಬ ಭಾರ ಅಂತಾರಲ್ಲ, ಎಷ್ಟು ಭಾರ?

ಹಳೇಪುಟ
ನೇರ ಹೋಗಬೇಡಿ. ಕನಿಷ್ಠ ಎರಡನೆಯದನ್ನು, 'ದಿ ಟೂಂಬ್ಸ್ ಆಫ್ ಅಟುವಾನ್', ಓದಿಕೊಂಡು ಹೋಗಿ. ಅದರಲ್ಲಿ ಟೆನಾರ್ ಅನ್ನೋ ಹುಡುಗಿಯನ್ನು ಪುಟ್ಟ ಮಗುವಾಗಿದ್ದಾಗಲೇ ಮನೆಯಿಂದ ಕರೆದೊಯ್ದು, ಹೆಸರನ್ನೂ ಕಿತ್ತುಕೊಂಡು ಪೂಜಾರಿಣಿ ಮಾಡುತ್ತಾರಲ್ಲ, ಅದು ತಲೆಯಲ್ಲಿದ್ದರೆ ನಡುವಯಸ್ಸಿನ ಟೆನಾರ್ ಬೇರೆ ಯಾರದೋ ಸುಟ್ಟ ಮಗುವನ್ನು ಯಾಕೆ ತನ್ನದು ಮಾಡಿಕೊಂಡಳು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯದು ಬಂದಿದ್ದು 1972ರಲ್ಲಿ, ತೆಹಾನು 1990ರಲ್ಲಿ. ಗಂಡಸರಿಗೆ ದೊಡ್ಡ ವಿದ್ಯೆ, ಹೆಂಗಸರಿಗೆ ಚಿಲ್ಲರೆ ಮಾಟ ಅಂತ ತಾವೇ ಕಟ್ಟಿದ್ದ ಲೋಕವನ್ನು ಅಷ್ಟು ವರ್ಷ ಆದ ಮೇಲೆ ತಾವೇ ಕೆದಕಿ ನೋಡಿದ್ದಾರೆ.

ಒಲೆಮುಂದೆ
ಆಡು, ಒಲೆ ಅಂದಿರಲ್ಲ, ಕಥೆ ಇರುವುದೇ ಅಲ್ಲಿ!

ಭಾರ ಎಷ್ಟು ಅಂದರೆ: ಥೆರು ಅನ್ನೋ ಮಗುವನ್ನು ಜೊತೆಗಿದ್ದವರೇ ಹೊಡೆದು, ಅತ್ಯಾಚಾರ ಮಾಡಿ, ಬೆಂಕಿಗೆ ತಳ್ಳಿರುತ್ತಾರೆ. ಒಂದು ಕಣ್ಣು ಹೋಗಿದೆ, ಒಂದು ಕೈ ಮುರುಟಿದೆ. ಆ ಘಟನೆಯನ್ನು ಎಳೆದು ತೋರಿಸುವುದಿಲ್ಲ. ಆದರೆ ಅವರಲ್ಲೊಬ್ಬ ಮತ್ತೆ ಹುಡುಕಿಕೊಂಡು ಬರುತ್ತಾನೆ, ನನಗೆ ಜಾಸ್ತಿ ಹೆದರಿಕೆ ಆಗಿದ್ದು ಅಲ್ಲಿ. ಓಗಿಯನ್‌ನಂಥ ಮಾಂತ್ರಿಕ ಇದ್ದರೂ ಯಾವ ಮಂತ್ರವೂ ಆ ಕಲೆಯನ್ನು ಅಳಿಸುವುದಿಲ್ಲ. ಟೆನಾರ್ ಊಟ ಹಾಕುತ್ತಾಳೆ, ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಾಳೆ, ಕಥೆ ಹೇಳುತ್ತಾಳೆ, ಕಲೆ ಕಾಣಿಸುವುದೇ ಇಲ್ಲ ಅಂತ ಸುಳ್ಳು ಹೇಳದೆ ನೀನು ಅಂದರೆ ಆ ಕಲೆ ಅಷ್ಟೇ ಅಲ್ಲ ಅಂತ ಕೂರಿಸಿಕೊಂಡು ಹೇಳುತ್ತಾಳೆ. ಗೆಡ್‌ನದೂ ಅದೇ ಪಾಡು. ಜಗತ್ತು ಉಳಿಸಿದವನು ಶಕ್ತಿಯೆಲ್ಲ ಕಳೆದುಕೊಂಡು ಕಲೆಸ್ಸಿನ್ ಅನ್ನೋ ಡ್ರ್ಯಾಗನ್ ಬೆನ್ನ ಮೇಲೆ ಅರೆಜೀವವಾಗಿ ಬಂದು, ರಾಜನ ಕಡೆಯವರಿಗೆ ಮುಖ ತೋರಿಸಲು ನಾಚಿ, ಬೆಟ್ಟಕ್ಕೆ ಆಡು ಕಾಯಲು ಹೋಗುತ್ತಾನೆ.

ನಿಮ್ಮವರಿಗೆ ಸುಮ್ನೆ ಕೈಗೆ ಕೊಡಬೇಡಿ. ಒಳಗೇನಿದೆ ಅಂತ ಮೊದಲೇ ಹೇಳಿ, ಓದುವುದು ಬಿಡುವುದು ಅವರಿಗೆ ಬಿಟ್ಟಿದ್ದು.

ತಕರಾರು ತಮ್ಮಯ್ಯ
(ಕೊನೆ ಗೊತ್ತಾಗಬಾರದು ಅನ್ನುವವರು ಮುಂದೆ ಓದಬೇಡಿ.) ಮಂತ್ರದಿಂದ ಏನೂ ಆಗಲ್ಲ ಅಂತೀರಿ, ಕೊನೆಗೆ ಡ್ರ್ಯಾಗನ್ ಬಂದು ಕೆಟ್ಟವರನ್ನು ಸುಟ್ಟು ಹಾಕುತ್ತೆ ಅಲ್ವಾ? ಇಡೀ ಪುಸ್ತಕ ನಿಧಾನ, ಕೊನೆ ಮಾತ್ರ ಗಡಿಬಿಡಿ. ನನಗೆ ಹಿಡಿಸಲಿಲ್ಲ.

ಒಲೆಮುಂದೆ
ಗಡಿಬಿಡಿ ಅನ್ನುವುದು ಒಪ್ಪಿದೆ. ಆದರೆ ಡ್ರ್ಯಾಗನ್ ತಾನಾಗಿ ಬರಲಿಲ್ಲ ತಮ್ಮಯ್ಯನವರೇ, ಕರೆದದ್ದು ಥೆರು. ಜನರೆದುರು ಬಾಯಿ ಬಿಡದೆ ಅವಿತುಕೊಳ್ಳುತ್ತಿದ್ದ ಮಗು ಒಬ್ಬಳೇ ಬಂಡೆ ತುದಿಗೆ ಹೋಗಿ ಕೂಗುತ್ತಾಳೆ. ಹಿಂದಿನ ಪುಟಗಳ ಊಟ ನಿದ್ದೆ ಇಲ್ಲದಿದ್ದರೆ ಅವಳಿಗೆ ಆ ದನಿ ಎಲ್ಲಿಂದ ಬರಬೇಕಿತ್ತು?

ಹಳೇಪುಟ
ತೆಹಾನುವೇ ಕೊನೆಯದು ಅಂತ ಪುಸ್ತಕದ ಮೇಲೇ ಹಾಕಿದ್ದರು, ಆಮೇಲೆ 2001ರಲ್ಲಿ ಎರಡು ಬಂದವು. 'ಟೇಲ್ಸ್ ಫ್ರಮ್ ಅರ್ಥ್‌ಸೀ' ಮೊದಲು, 'ದಿ ಅದರ್ ವಿಂಡ್' ಆಮೇಲೆ ಓದಿ. ಟೇಲ್ಸ್‌ನ ಕೊನೆಯ ಕಥೆ 'ಡ್ರ್ಯಾಗನ್‌ಫ್ಲೈ' ಬಿಟ್ಟರೆ ಮುಂದಿನದರಲ್ಲಿ ಇರಿಯನ್ ಯಾರು ಅಂತಲೇ ಗೊತ್ತಾಗಲ್ಲ. 2006ರ ಜಪಾನಿ ಸಿನಿಮಾ ನೋಡಿ ಕಥೆ ಗೊತ್ತು ಅಂದುಕೊಳ್ಳಬೇಡಿ, ಅದು ಕಲಬೆರಕೆ.

ಸಂಜೆಮೋಡ
ಸರಿ, ಅಟುವಾನ್‌ನಿಂದ ಶುರು ಮಾಡುತ್ತೇನೆ. ತೆಹಾನು ನಾನು ಮುಗಿಸಿದ ಮೇಲೆ ಅವರನ್ನು ಕೇಳುತ್ತೇನೆ. 2018ರಲ್ಲಿ ಬಂದ ಚಿತ್ರಗಳಿರುವ ಒಟ್ಟು ಸಂಪುಟ ತಗೊಳ್ಳಲಾ?

ಹಳೇಪುಟ
ಚಿತ್ರ ಚೆನ್ನಾಗಿವೆ, ಆರೂ ಪುಸ್ತಕ ಇವೆ. ಮಲಗಿಕೊಂಡು ಓದುವ ಅಭ್ಯಾಸ ಇದ್ದರೆ ಮಾತ್ರ ಬೇಡ, ಕೈ ಬಿದ್ದುಹೋಗುತ್ತೆ.