ಜೀವಾವಧಿ ಶಿಕ್ಷೆ: 14 ವರ್ಷದ ಲೆಕ್ಕ ಯಾವತ್ತಿನಿಂದ? ಫೈಲು ನಿಲ್ಲೋದು ಎಲ್ಲಿ?

ಮಲಪ್ರಭಾ ಪಿಎಲ್‌ವಿ:

ಎಲ್ಲರಿಗೂ ನಮಸ್ಕಾರ. ನಾನು ಪಿಎಲ್‌ವಿ, ಅಂದರೆ ಕಾನೂನು ಸೇವಾ ಪ್ರಾಧಿಕಾರದ ಅರೆ-ಕಾನೂನು ಸ್ವಯಂಸೇವಕಿ. ಉತ್ತರ ಕರ್ನಾಟಕದ ಒಂದು ಕೇಂದ್ರ ಕಾರಾಗೃಹದಲ್ಲಿರುವ ಶಿಕ್ಷಾಬಂದಿಯ ಮನೆಯವರಿಗೆ ಲೆಕ್ಕ ಹಾಕಿಕೊಡಬೇಕಿದೆ. ಐಪಿಸಿ (ಹಳೇ ದಂಡ ಸಂಹಿತೆ) 302, ಅಂದರೆ ಕೊಲೆ, ಸೆಷನ್ಸ್ ಕೋರ್ಟಿನ ಜೀವಾವಧಿ ಶಿಕ್ಷೆ, ಹೈಕೋರ್ಟಿನಲ್ಲಿ ಅಪೀಲು ವಜಾ.

ಬಂಧನ 12 ಜನವರಿ 2009. ಜಾಮೀನು 12 ಜುಲೈ 2010. ಶಿಕ್ಷೆ 12 ಜನವರಿ 2013, ಅಂದಿನಿಂದ ಒಳಗೇ. ಪೆರೋಲ್ ಎಲ್ಲ ಸೇರಿ 270 ದಿನ. ಗಳಿಸಿದ ಮಾಫಿ (ಒಳ್ಳೆ ನಡತೆ, ಕೆಲಸಕ್ಕೆ ಜೈಲಿನಲ್ಲಿ ಸಿಗುವ ಶಿಕ್ಷೆ ಕಡಿತ) ಮೂರು ವರ್ಷ ಚಿಲ್ಲರೆ. 25,000 ರೂಪಾಯಿ ದಂಡ ಕಟ್ಟಿಲ್ಲ, ತಪ್ಪಿದರೆ ಇನ್ನೂ ಒಂದು ವರ್ಷ.

ಮನೆಯವರದು ಸರಳ ಲೆಕ್ಕ: 2009ಕ್ಕೆ 14 ಕೂಡಿಸಿದರೆ 2023, ಆವತ್ತೇ ಬಿಡಬೇಕಿತ್ತು ಅಂತ. ಇದು ಸರಿಯೇ? ಇನ್ನೊಂದು ವಿಷಯ, 40 ಜನರ ಬ್ಯಾರಕ್ಕಿನಲ್ಲಿ 70 ಜನ ಮಲಗುತ್ತಿದ್ದಾರಂತೆ. ಶಿಕ್ಷೆಯಾದವರು ಅದರ ಬಗ್ಗೆ ದೂರು ಕೊಡಬಹುದಾ?

ಸೆಷನ್ಸ್ ಕಟ್ಟೆ:

ಮೇಡಂ, ಮೊದಲು ಮನೆಯವರ ತಲೆಯಿಂದ ಒಂದು ಮಾತು ತೆಗೆಯಿರಿ. ಜೀವಾವಧಿ ಅಂದರೆ 14 ವರ್ಷವೂ ಅಲ್ಲ, 20 ವರ್ಷವೂ ಅಲ್ಲ, ಜೀವ ಇರುವವರೆಗೆ. ಗೋಪಾಲ ಗೋಡ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1961ರಲ್ಲೇ ಇದನ್ನು ಹೇಳಿಬಿಟ್ಟಿದೆ. ಐಪಿಸಿ 57ರಲ್ಲಿ ಬರುವ 20 ವರ್ಷ, ಶಿಕ್ಷೆಯ ಭಾಗಾಂಶ ಲೆಕ್ಕ ಹಾಕುವುದಕ್ಕೆ ಮಾತ್ರ. 14 ಬಂದದ್ದು ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) 433-ಎ ಮೂಲಕ, 18 ಡಿಸೆಂಬರ್ 1978ರಿಂದ. ಆ ಸಂಹಿತೆಯ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ ಈಗ ಅದು ಕಲಂ 475. ಮರಣದಂಡನೆಯೂ ಸಾಧ್ಯವಿದ್ದ ಅಪರಾಧದಲ್ಲಿ ಜೀವಾವಧಿ ಆದವರನ್ನು 14 ವರ್ಷ ಒಳಗೆ ಕಳೆಯದೆ ಬಿಡಕೂಡದು ಅನ್ನುವುದಷ್ಟೇ ಅದರ ಅರ್ಥ. 14 ತುಂಬಿದ ದಿನ ಬಾಗಿಲು ತಟ್ಟುವ, ಅಂದರೆ ಸರ್ಕಾರದಿಂದ ಅವಧಿಪೂರ್ವ ಬಿಡುಗಡೆ ಕೇಳುವ ಅರ್ಹತೆ ಬರುತ್ತದೆ, ಬಾಗಿಲು ತಾನಾಗಿ ತೆರೆಯುವುದಿಲ್ಲ.

ಈಗ ಲೆಕ್ಕ. ವಿಚಾರಣಾಧೀನ ಕೈದಿಯಾಗಿದ್ದ 18 ತಿಂಗಳು ಸೇರುತ್ತದೆ (ಭಗೀರಥ ತೀರ್ಪು, 1985). ಜಾಮೀನಿನ ಮೇಲೆ ಹೊರಗಿದ್ದ ಎರಡೂವರೆ ವರ್ಷ ಸೇರುವುದಿಲ್ಲ. ಅಂದರೆ ಶಿಕ್ಷೆಯಾದ ಮೇಲೆ ಹನ್ನೆರಡೂವರೆ ವರ್ಷ ಬೇಕು: 12 ಜುಲೈ 2025. ಪೆರೋಲ್ ದಿನಗಳನ್ನೂ 14ರಲ್ಲಿ ಹಿಡಿಯುವಂತಿಲ್ಲ ಎಂದು ಗೋವಾದ ಪ್ರಕರಣವೊಂದರಲ್ಲಿ 2023ರ ಜನವರಿಯಲ್ಲಿ ತೀರ್ಪಾಗಿದೆ. 270 ದಿನ ಮುಂದೆ ತಳ್ಳಿದರೆ 8 ಏಪ್ರಿಲ್ 2026. ಮಾಫಿಯ ಮೂರು ವರ್ಷವನ್ನು ಈ 14ರೊಳಗೆ ತುರುಕಲು ಬರುವುದಿಲ್ಲ. ಎಷ್ಟೋ ಅರ್ಜಿಗಳು ಇಲ್ಲೇ ಎಡವುತ್ತವೆ.

ಅಪೀಲಿನ ತೀರ್ಪಿನ ಕೊನೇ ಪುಟವನ್ನೂ ಓದಿ. ‘ಇಷ್ಟು ವರ್ಷ ಮಾಫಿ ಇಲ್ಲದೆ’ ಅಥವಾ ‘ಉಸಿರಿರುವವರೆಗೆ’ ಎಂದು ಬರೆದಿದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಇದು 2008ರ ಸ್ವಾಮಿ ಶ್ರದ್ಧಾನಂದ ತೀರ್ಪಿನಿಂದ ಬಂದ ವರ್ಗ (ಆ ಪ್ರಕರಣ ನಮ್ಮ ಬೆಂಗಳೂರಿನದೇ), 2015ರಲ್ಲಿ ಸಂವಿಧಾನ ಪೀಠವೂ ಎತ್ತಿಹಿಡಿಯಿತು. ಆದರೆ ಹಾಗೆ ವಿಧಿಸುವ ಅಧಿಕಾರ ಹೈಕೋರ್ಟು, ಸುಪ್ರೀಂ ಕೋರ್ಟಿಗೆ ಮಾತ್ರ. ಸೆಷನ್ಸ್ ಕೋರ್ಟು ಬರೆದಿದ್ದರೆ ಅದನ್ನೇ ಪ್ರಶ್ನಿಸಬಹುದು.

ಟಪಾಲು ಶಾಖೆ:

ಲೆಕ್ಕ ಸರಿ ಇದೆ. ಅವಧಿಪೂರ್ವ ಬಿಡುಗಡೆಯ ಫೈಲು ಎಲ್ಲಿ ನಿಲ್ಲುತ್ತದೆ ಅನ್ನುವುದು ನಾನು ಹೇಳುತ್ತೇನೆ.

ಮೊದಲನೇ ಜಾಗ ನಾಮಿನಲ್ ರೋಲ್, ಅಂದರೆ ಬಂದಿಯ ಶಿಕ್ಷೆ, ಒಳಗಿದ್ದ ಅವಧಿಗಳ ಲೆಕ್ಕ ಇರುವ ಜೈಲಿನ ಪಟ್ಟಿ. ಬಂದಿ ಮೊದಲು ಬೇರೆ ಜೈಲಿನಲ್ಲಿದ್ದು ಶಿಕ್ಷೆಯಾದ ಮೇಲೆ ಕೇಂದ್ರ ಕಾರಾಗೃಹಕ್ಕೆ ಬಂದಿದ್ದರೆ, ಹಳೇ ಜೈಲಿನ ಅವಧಿಯ ದೃಢೀಕರಣ ಜೊತೆಗೆ ಬಂದಿರುವುದಿಲ್ಲ. ಆಗ ‘ವಿಚಾರಣಾಧೀನ ಅವಧಿ’ ಕಾಲಮ್ಮಿನಲ್ಲಿ ಸೊನ್ನೆ. ನಿಮ್ಮ ಪ್ರಕರಣದಲ್ಲಿ 546 ದಿನ ಹಾಗೇ ಆವಿಯಾಗುತ್ತದೆ. ಇವತ್ತೇ ಆರ್‌ಟಿಐ ಹಾಕಿ ನಾಮಿನಲ್ ರೋಲ್ ಪ್ರತಿ ಕೇಳಿ. ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿ, ಕಲಂ 7(1)ರಂತೆ 48 ಗಂಟೆಯಲ್ಲಿ ಕೊಡಬೇಕು ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಎರಡನೆಯದು ಪೊಲೀಸ್ ವರದಿ. ‘ಬಿಡುಗಡೆಯಾದರೆ ಗ್ರಾಮದಲ್ಲಿ ಶಾಂತಿಭಂಗ ಸಂಭವ’ ಎಂಬ ಸಾಲು ಅಚ್ಚು ಹಾಕಿದಂತೆ ಬರುತ್ತದೆ. ಪೆರೋಲಿನ 270 ದಿನ ಇಲ್ಲಿ ಕೈಹಿಡಿಯುತ್ತದೆ: ಅಷ್ಟು ದಿನ ಊರಲ್ಲಿದ್ದು ಗಲಾಟೆ ಇಲ್ಲದೆ, ಹೇಳಿದ ದಿನಕ್ಕೆ ಜೈಲಿಗೆ ವಾಪಸಾದ ದಾಖಲೆ ಠಾಣೆಯಲ್ಲೇ ಇರುತ್ತದಲ್ಲ.

ಮೂರನೆಯದು ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯ. ಒಂದೇ ಸಾಲಿನಲ್ಲಿ ‘ಘೋರ ಅಪರಾಧ, ಶಿಫಾರಸು ಇಲ್ಲ’ ಅಂತ ಬಂದರೆ ಸಾಲದು. ಕಾರಣ ಬೇಕು ಎಂದು ಛತ್ತೀಸಗಢದ ರಾಮಚಂದರ್ ಪ್ರಕರಣದಲ್ಲಿ (2022) ಸ್ಪಷ್ಟವಾಗಿದೆ. ನೋಡಬೇಕಾದ ಅಂಶಗಳು 2000ದ ಲಕ್ಷ್ಮಣ್ ನಸ್ಕರ್ ತೀರ್ಪಿನವು: ಅಪರಾಧ ಇಡೀ ಸಮಾಜವನ್ನು ತಟ್ಟಿತೇ, ಮರುಕಳಿಸುವ ಸಾಧ್ಯತೆ ಇದೆಯೇ, ಅಪರಾಧ ಎಸಗುವ ಶಕ್ತಿ ಇನ್ನೂ ಉಳಿದಿದೆಯೇ, ಒಳಗಿಟ್ಟು ಪ್ರಯೋಜನವೇನು, ಮನೆಯ ಸ್ಥಿತಿ ಹೇಗಿದೆ.

ಸರ್ಕಾರದ ಯಾವ ಬಿಡುಗಡೆ ನೀತಿಯ ಪ್ರಕಾರ ಪರಿಶೀಲನೆ? ಶಿಕ್ಷೆಯಾದ ದಿನ ಜಾರಿಯಲ್ಲಿದ್ದದ್ದು. ಆಮೇಲೆ ಬಂದದ್ದು ಹೆಚ್ಚು ಉದಾರವಾಗಿದ್ದರೆ ಅದರ ಲಾಭವೂ ಉಂಟು (ಜಗದೀಶ್, 2010). ಅರ್ಜಿಯನ್ನೇ ಕೊಟ್ಟಿಲ್ಲ ಅಂತ ಕಚೇರಿಯವರು ಹೇಳಿದರೆ 18 ಫೆಬ್ರವರಿ 2025ರ ಸುಪ್ರೀಂ ಕೋರ್ಟ್ ಆದೇಶ ತೋರಿಸಿ. ನೀತಿ ಇರುವ ಕಡೆ ಅರ್ಹರಾದವರ ಹೆಸರನ್ನು ಸರ್ಕಾರವೇ ಪರಿಗಣಿಸಬೇಕು, ಅರ್ಜಿಗೆ ಕಾಯುವಂತಿಲ್ಲ. ತಿರಸ್ಕರಿಸಿದರೆ ಚುಟುಕಾಗಿ ಕಾರಣವನ್ನೂ ಬರೆಯಬೇಕು. ಆ ಪ್ರತಿ ಕೈಯಲ್ಲಿದ್ದರೇ ಹೈಕೋರ್ಟಿನಲ್ಲಿ ರಿಟ್ಟಿಗೆ ಬಲ.

ಬೆಣ್ಣಿಹಳ್ಳ:

ಬ್ಯಾರಕ್ಕಿನ ಮಾತಿಗೆ ಯಾರೂ ಕೈ ಹಾಕಲಿಲ್ಲ ನೋಡ್ರಿ. ದೂರು ಖಂಡಿತ ಕೊಡಬಹುದು. ಶಿಕ್ಷೆ ಆದಾಕ್ಷಣ ಮೂಲಭೂತ ಹಕ್ಕುಗಳನ್ನೆಲ್ಲ ಗೇಟಿನಲ್ಲಿ ಬಿಚ್ಚಿಟ್ಟು ಹೋಗುವುದಿಲ್ಲ ಅಂತ ಸುನಿಲ್ ಬಾತ್ರಾ ಪ್ರಕರಣದಲ್ಲಿ 1978ರಲ್ಲೇ ತೀರ್ಮಾನವಾಗಿದೆ.

ಆದರೆ ‘ಬಹಳ ಗರ್ದಿ ಐತಿ’ ಅಂತ ಬರೆದರೆ ಯಾರೂ ಓದುವುದಿಲ್ಲ. ಅಳತೆ ಬರೆಯಿರಿ. 2016ರ ಮಾದರಿ ಕಾರಾಗೃಹ ಕೈಪಿಡಿ ಪ್ರಕಾರ ಮಲಗುವ ಬ್ಯಾರಕ್ಕಿನಲ್ಲಿ ತಲೆಗೆ 3.71 ಚದರ ಮೀಟರ್. 40 ಜನಕ್ಕೆ 148.4. ಅಷ್ಟರಲ್ಲೇ 70 ಜನ ಅಂದರೆ ತಲೆಗೆ 2.12, ಮಗ್ಗುಲು ತಿರುಗಿದರೆ ಪಕ್ಕದವನ ಮೈಗೆ ಮೊಣಕೈ. ಎಣಿಕೆಯನ್ನು ಹಗಲಿನದು ಕೊಡಬೇಡಿ. ಸಂಜೆ ಲಾಕಪ್ ಆದ ಮೇಲಿನ ತಲೆಎಣಿಕೆ ಬೇಕು, ದಿನಾಂಕದ ಸಮೇತ. ರಾತ್ರಿ ನೀರು ಬರುವ ಶೌಚಾಲಯ ಎಷ್ಟು, ಬಾಗಿಲು ಇದ್ದದ್ದು ಎಷ್ಟು, ಅದನ್ನೂ ಬರೆಯಿರಿ.

ಇನ್ನೊಂದು, ಗುಡಿಸುವ ಕೆಲಸ ಯಾರಿಗೆ, ಅಡುಗೆ ಮನೆ ಯಾರಿಗೆ ಅಂತ ಕೇಳಿಕೊಳ್ಳಿ. ಜಾತಿ ನೋಡಿ ಕೆಲಸ ಹಂಚುವುದು ಅಸಾಂವಿಧಾನಿಕ, ಜೈಲು ರಿಜಿಸ್ಟರಿನ ಜಾತಿ ಕಾಲಮ್ಮೂ ಇರಕೂಡದು. 3 ಅಕ್ಟೋಬರ್ 2024ರ ತೀರ್ಪು ಅದು.

ದೂರು ಒಂದು ಪ್ರತಿ ಅಧೀಕ್ಷಕರಿಗೆ, ಒಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, 1987ರ ಕಾಯ್ದೆಯ ಕಲಂ 12(ಜಿ). ಪಿಎಲ್‌ವಿ ಇದ್ದೀರಿ, ನಿಮಗೇನು ಹೇಳುವುದು!

ಮಲಪ್ರಭಾ ಪಿಎಲ್‌ವಿ:

ಎಲ್ಲರಿಗೂ ಧನ್ಯವಾದ. ನಾಮಿನಲ್ ರೋಲ್‌ಗೆ ಇವತ್ತೇ ಅರ್ಜಿ ಬರೆಯುತ್ತೇನೆ. ದಂಡದ್ದು ಉಳಿಯಿತು. ಮನೆಯವರ ಹತ್ತಿರ ಈಗ 10,000 ಇದೆ ಅಷ್ಟೇ.

ಟಪಾಲು ಶಾಖೆ:

ಅಷ್ಟನ್ನೇ ಕಟ್ಟಿಸಿ. ಭಾಗಶಃ ಕಟ್ಟಿದರೆ ತಪ್ಪಿದ್ದಕ್ಕಿರುವ ಶಿಕ್ಷೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ (ಐಪಿಸಿ 69). ಈ ಒಂದು ವರ್ಷ ಮುಖ್ಯ ಶಿಕ್ಷೆಯ ಜೊತೆಜೊತೆಗೆ ಓಡುವುದಿಲ್ಲ, ಪ್ರತ್ಯೇಕ ಎಂದು 2018ರಲ್ಲೇ ತೀರ್ಪಾಗಿದೆ. ಬಿಡುಗಡೆ ಆದೇಶ ಬಂದ ದಿನ ದಂಡ ಬಾಕಿ ಇದ್ದರೆ ಗೇಟಿನಲ್ಲೇ ತಡೆಯುತ್ತಾರೆ. ಶಿಕ್ಷೆ ಕೊಟ್ಟ ಕೋರ್ಟಿನಲ್ಲಿ ಕಟ್ಟಿ, ರಸೀದಿ ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ. ಕೋರ್ಟಿನಿಂದ ಜೈಲಿಗೆ ಪತ್ರ ಹೋಗಿ, ವಾರಂಟಿನ (ಶಿಕ್ಷೆಗೆ ಜೈಲಿಗೆ ಕಳಿಸಿದ ಕೋರ್ಟಿನ ಆದೇಶಪತ್ರ) ಮೇಲೆ ನಮೂದಾಗಿದೆಯಾ ನೋಡಿ.