ಪದಚರ್ಚೆ: ‘ಅಟೆಸ್ಟ್’ ಆದವನು ಸಿಪಾಯಿಯೋ, ಇನ್ನೂ ಅಲ್ಲವೋ?

ಗೆಳೆಯರೇ, ನಮಸ್ಕಾರ.

ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ ತನ್ನ ಸೇನೆಗೆ ಜನ ಸೇರಿಸಿಕೊಂಡ ನಿಯಮಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದೆರಡು ಕಡೆ ಪದ ಸಿಗದೆ ಕೈಕಟ್ಟಿ ಕೂತಿದ್ದೇನೆ.

ದೊಡ್ಡ ತೊಡಕು ‘ಅಟೆಸ್ಟೇಷನ್’ದು. ಇದಕ್ಕೆ ‘ದೃಢೀಕರಣ’ ಅನ್ನುವುದು ರೂಢಿ. ಆದರೆ ನಮಗೆ ದೃಢೀಕರಣ ಅಂದರೆ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಮೇಲೆ ಗೆಜೆಟೆಡ್ ಅಧಿಕಾರಿ ಹಾಕುವ ಸಹಿ, ಸೀಲು. ಸೇನೆಯಲ್ಲಿ ಅಟೆಸ್ಟ್ ಆಗುವುದು ಕಾಗದವಲ್ಲ, ಆಳು. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು, ಪ್ರಮಾಣ ಮಾಡಿ, ಸಹಿ ಹಾಕಿದನೋ, ಮುಗಿಯಿತು.

‘ಸೇನೆಗೆ ಸೇರಿದ’ ಅಂತ ಬರೆದರೆ ಸಾಲದೇ ಅಂತ ಕೇಳಬಹುದು. ಸಾಲದು. 1915ರ ಕೊನೆಯಲ್ಲಿ, ಬ್ರಿಟನ್ನಿನ ಸೇನಾ ಭರ್ತಿಯ ಮುಖ್ಯಸ್ಥ ಲಾರ್ಡ್ ಡರ್ಬಿಯ ಯೋಜನೆ ಬಂತು. ಗಂಡಸರು ಬಂದು ಅಟೆಸ್ಟ್ ಆಗುತ್ತಿದ್ದರು, ಒಂದು ದಿನದ ಸಂಬಳ ತೆಗೆದುಕೊಳ್ಳುತ್ತಿದ್ದರು, ಮತ್ತೆ ಮನೆಗೆ ಹೋಗಿ ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ಕರೆ ಬಂದಾಗ ಹೋದರಾಯಿತು. ಇವರು ಹೇಡಿಗಳಲ್ಲ ಅಂತ ಊರಿಗೆ ಗೊತ್ತಾಗಲಿ ಎಂದು ಖಾಕಿ ತೋಳಪಟ್ಟಿ ಬೇರೆ. ಕೊನೆಯ ದಿನಗಳ ನೂಕುನುಗ್ಗಲಿನಲ್ಲಿ ಎಷ್ಟೋ ಜನರ ವೈದ್ಯಕೀಯ ತಪಾಸಣೆಯನ್ನೂ ಆಮೇಲೆ ನೋಡೋಣ ಅಂತ ಬಿಟ್ಟರು. ಅಂದರೆ ಡಾಕ್ಟರು ನೋಡುವ ಮೊದಲೇ ಪ್ರಮಾಣ! ಇವರನ್ನು ‘ಸೇರಿದವರು’ ಅನ್ನಲು ನನ್ನ ಕನ್ನಡ ಕಿವಿ ಒಪ್ಪುತ್ತಿಲ್ಲ. ಕಾಲೇಜು ಸೇರಿದ, ಗಂಡನ ಮನೆ ಸೇರಿದಳು ಅಂದರೆ ಆಳು ಅಲ್ಲಿಗೆ ಹೋಗಿರಬೇಕು ಅಲ್ವಾ?

1916ರ ಮಿಲಿಟರಿ ಸರ್ವಿಸ್ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 18 ತುಂಬಿ 41 ಮುಟ್ಟದ ಅವಿವಾಹಿತರೆಲ್ಲ ಮಾರ್ಚ್ 2ರಿಂದ ಸೇನೆಗೆ ಸೇರಿದ್ದಾರೆ ಎಂದೇ ಲೆಕ್ಕ. ಕೆಲವರಿಗೆ ವಿನಾಯಿತಿ ಇತ್ತು. ಮಿಕ್ಕವರು ಪ್ರಮಾಣ ಮಾಡಿರಲಿ ಬಿಡಲಿ, ಕರೆದಾಗ ಬರದಿದ್ದರೆ ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ದಂಡ ಹಾಕಿಸಿ, ಸೇನೆಗೆ ಒಪ್ಪಿಸುತ್ತಿದ್ದರು. ಹಾಗಾಗಿ ಇಲ್ಲಿ ಪದ ತಪ್ಪಿದರೆ ಕಥೆಯೇ ತಪ್ಪುತ್ತದೆ. ಪತ್ರಿಕೆಗಳ ‘ನೇಮಕಾತಿ’ಯಂತೂ ಬೇಡವೇ ಬೇಡ. ಅರ್ಜಿ ಹಾಕಿದವನಿಗೆ ನೇಮಕಾತಿ, ಮನೆಯಲ್ಲಿ ಕೂತವನಿಗೆ ಎಂಥ ನೇಮಕಾತಿ? ನಮ್ಮಲ್ಲಿ ಇದಕ್ಕೆ ಪದ ಇಲ್ಲದಿರುವುದು ಸಹಜವೇ. ಭಾರತೀಯರ ಮೇಲೆ ಬ್ರಿಟಿಷರು ಕಡ್ಡಾಯ ಸೇನಾ ಸೇವೆ ಹೇರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಸವಾರರೂ ಸಂಬಳಕ್ಕೆ ಸೇರಿದವರೇ.

ನಮ್ಮ 1950ರ ಸೇನಾ ಕಾಯ್ದೆಯಲ್ಲೂ ಎನ್‌ರೋಲ್ ಆಗುವುದು, ಅಂದರೆ ಸೇನೆಯ ಪಟ್ಟಿಗೆ ಹೆಸರು ಸೇರುವುದು ಬೇರೆ, ಅಟೆಸ್ಟ್ ಆಗುವುದು ಬೇರೆ. ಮೊದಲನೆಯದು ಮುಂಚೆ, ಎರಡನೆಯದು ಆಮೇಲೆ ದಳದ ಮುಂದೆ ನಿಂತು ಮಾಡುವ ಪ್ರಮಾಣ. ಮಂಡ್ಯದಲ್ಲಿರುವ ನಮ್ಮ ಭಾವ ಹವಾಲ್ದಾರರಾಗಿ ನಿವೃತ್ತರಾದವರು. ಕೇಳಿದೆ. ‘ಅದಾ? ಕಸಂ ಪರೇಡು’ ಅಂದರು. ಕಸಂ ಅಂದರೆ ಹಿಂದಿಯಲ್ಲಿ ಆಣೆ. ಇದರ ಜಾಡು ಹಿಡಿದು ಅಟೆಸ್ಟ್ ಆದವನನ್ನು ‘ಆಣೆಯಿಟ್ಟವನು’ ಅಂತಲೂ, 1916ರ ಕಾಯ್ದೆಯೇ ಸೇನೆಗೆ ಸೇರಿಸಿಕೊಂಡವನನ್ನು ‘ಲೆಕ್ಕದ ಸಿಪಾಯಿ’ ಅಂತಲೂ ಸದ್ಯಕ್ಕೆ ಬರೆದಿದ್ದೇನೆ. ಎರಡನೆಯದು ಸ್ವಲ್ಪ ತಮಾಷೆಯಾಗಿ ಕೇಳುತ್ತದೆ ಅನ್ನಿಸುತ್ತಿದೆ.

ತಮಾಷೆ ಅಂದಾಗ ನೆನಪಾಯಿತು. ಹಳೇ ಮೈಸೂರಿನಲ್ಲಿ ‘ಕಂದಾಚಾರ’ ಅಂದರೆ ಕಾಲಾಳು ಪಡೆ. ಈಗ ಯಾರಾದರೂ ‘ಕಂದಾಚಾರಕ್ಕೆ ಸೇರಿದ’ ಅಂತ ಬರೆದರೆ ಓದುಗರು ಮಡಿ ಮೈಲಿಗೆಯ ಕಥೆ ಅಂದುಕೊಳ್ಳುತ್ತಾರೆ!

ಇನ್ನೊಂದು ತೊಡಕು ‘ಅನ್‌ಫಿಟ್’. ‘ವೈದ್ಯರು ಅವನನ್ನು ಅಯೋಗ್ಯ ಎಂದರು’ ಅಂತ ಬರೆದರೆ ಬೈಗುಳ. ‘ಅನರ್ಹ’ ಶಾಸಕರ ಪಾಲಾಗಿದೆ. ‘ಅಸಮರ್ಥ’ ಅಂದರೆ ಕೆಲಸ ಬಾರದವನು. ಯುದ್ಧ ಶುರುವಾದಾಗ ಬ್ರಿಟನ್ನಿನಲ್ಲಿ ಎತ್ತರ 5 ಅಡಿ 3 ಅಂಗುಲ ಇರಬೇಕಿತ್ತು. ಅದಕ್ಕಿಂತ ಗಿಡ್ಡ ಇದ್ದ ಗಟ್ಟಿಮುಟ್ಟು ಗಣಿ ಕೆಲಸಗಾರರೂ ಮೊದಲು ವಾಪಸ್ ಬಂದರು. ಆಮೇಲೆ ಇಂಥವರಿಗೆಂದೇ ‘ಬ್ಯಾಂಟಂ’ ದಳಗಳು ಹುಟ್ಟಿದವು. ಅವರನ್ನು ಅಸಮರ್ಥರು ಅನ್ನುವುದು ಹೇಗೆ? ಭರ್ತಿ ರ‍್ಯಾಲಿಗೆ ಹೋಗಿಬಂದ ನಮ್ಮ ಹುಡುಗರು ‘ಮೆಡಿಕಲ್‌ನಲ್ಲಿ ಹೋಯ್ತು’ ಅಂತಾರೆ. ನನಗೆ ಇದೇ ಇಷ್ಟ, ಆದರೆ ನಿಯಮದ ಭಾಷೆಗೆ ಒಗ್ಗುವುದಿಲ್ಲ. ‘ತಪಾಸಣೆಯಲ್ಲಿ ತೇರ್ಗಡೆಯಾಗದವನು’ ಸರಿ, ಉದ್ದ ಜಾಸ್ತಿ.

ಆಳಿನ ಆರೋಗ್ಯ ನೋಡಿ ಕೊಡುತ್ತಿದ್ದ ದರ್ಜೆಗಳದ್ದು ಮಾತ್ರ ಸುಲಭ. ಎ, ಬಿ, ಸಿ ಅಂತಿದ್ದವು, ಹಾಗೇ ಇಟ್ಟಿದ್ದೇನೆ. ‘ಎ ಒನ್’ ಅನ್ನುವುದನ್ನು ನಮ್ಮ ಮೈಸೂರಿನ ಹೋಟೆಲಿನಲ್ಲಿ ಕಾಫಿಗೂ ಹೇಳುತ್ತೇವೆ, ವಿವರಣೆ ಬೇಕಿಲ್ಲ. ಅದು ಸೇನೆಯ ಈ ದರ್ಜೆಗಳಿಗಿಂತ ಹಳೆಯದು, ಹಡಗುಗಳ ಗಟ್ಟಿತನ ಅಳೆಯುವವರಿಂದ ಬಂದದ್ದು.

ಈಗ ನನ್ನ ಕೋರಿಕೆ. ಹಳೇ ಮೈಸೂರು ಕಡೆಯ ಹಿರಿಯರ ಬಾಯಲ್ಲಿ, ಎರಡನೇ ಮಹಾಯುದ್ಧಕ್ಕೆ ಹೋದವರ ಕಾಗದಗಳಲ್ಲಿ, ಎದೆ ಅಳತೆಯಲ್ಲೋ ಕಣ್ಣಿನಲ್ಲೋ ಕೂಡಿಬರದೆ ವಾಪಸಾದವನಿಗೆ ಬೇರೆ ಮಾತೇನಾದರೂ ಇದೆಯೇ? ಬೈಗುಳದ ವಾಸನೆ ಇಲ್ಲದ್ದು, ಒಂದೇ ಪದದ್ದು ಸಿಕ್ಕರೆ ತಿಳಿಸಿ. ‘ಲೆಕ್ಕದ ಸಿಪಾಯಿ’ಗೂ ಬೇರೆ ದಾರಿ ಇದ್ದರೆ ಹೇಳಿ, ಬದಲಾಯಿಸುತ್ತೇನೆ.