ಪದಚರ್ಚೆ: "ಹೊಟ್ಟೆಯಲ್ಲಿ ನೀರು" ಅಂದರೆ ಯಾವ ಹೊಟ್ಟೆ, ಯಾವ ನೀರು?

ನಮಸ್ಕಾರ ಗೆಳೆಯರೇ,

ಸ್ಕ್ಯಾನಿಂಗ್ ರಿಪೋರ್ಟಿನ ಮೂರ್ನಾಲ್ಕು ಮಾತುಗಳಿಗೆ ಕನ್ನಡ ಬೇಕಾಗಿದೆ. ನಿಘಂಟಿನ ಕನ್ನಡ ನನ್ನ ಹತ್ತಿರವೂ ಇದೆ. ಬೇಕಾಗಿರುವುದು ಮನೆಯವರಿಗೆ ಹೇಳಿದರೆ ತಪ್ಪು ತಿಳಿಯದಂಥದ್ದು.

ಹೋದ ಮಳೆಗಾಲದಲ್ಲಿ ತಮ್ಮನಿಗೆ ಡೆಂಗಿ ಬಂತು. ಐದನೇ ದಿನ ಜ್ವರ ಇಳಿಯಿತು, ಹೊಟ್ಟೆನೋವು ಶುರುವಾಯಿತು. ಅಲ್ಟ್ರಾಸೌಂಡ್ ಮಾಡಿಸಿದೆವು. ಗಾಲ್‌ಬ್ಲಾಡರಿನ ಗೋಡೆ 7 ಮಿ.ಮೀ. ದಪ್ಪ, ಹೊಟ್ಟೆಯಲ್ಲಿ ಸ್ವಲ್ಪ ಫ್ರೀ ಫ್ಲೂಯಿಡ್, ಬಲ ಶ್ವಾಸಕೋಶದ ಸುತ್ತ ತುಸು ನೀರು, ಸ್ಪ್ಲೀನ್ (ಹೊಟ್ಟೆಯ ಎಡಗಡೆ, ಪಕ್ಕೆಲುಬಿನ ಕೆಳಗಿರುವ ಅಂಗ) ಕೊಂಚ ದೊಡ್ಡದು ಅಂತಿತ್ತು. ಅಮ್ಮನಿಗೆ ನಾನೇ ಓದಿ ಹೇಳಿದೆ: "ಪಿತ್ತಕೋಶಕ್ಕೆ ಬಾವು ಬಂದಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ." ಅಮ್ಮ ಮೊದಲು "ಆಪರೇಷನ್ ಯಾವತ್ತಂತೆ?" ಅಂದಳು. ಆಮೇಲೆ ತಮ್ಮನ ಕೈಯಲ್ಲಿದ್ದ ಗಂಜಿ ಲೋಟ ತೆಗೆದಿಟ್ಟಳು. ಆಗಲೇ ನೀರು ತುಂಬಿದ ಹೊಟ್ಟೆಗೆ ಮತ್ತೆ ಯಾಕೆ ಕುಡಿಸಬೇಕು, ಅಲ್ವಾ?

ತಪ್ಪು ಅಮ್ಮನದಲ್ಲ. ನಮ್ಮಲ್ಲಿ ಉಂಡದ್ದು ಹೋಗಿ ಸೇರುವ ಚೀಲವೂ ಹೊಟ್ಟೆಯೇ, ಎದೆಯ ಕೆಳಗಿನ ಇಡೀ ಭಾಗವೂ ಹೊಟ್ಟೆಯೇ. ರಿಪೋರ್ಟು ಹೇಳಿದ್ದು ಎರಡನೆಯದನ್ನು. ಆ ನೀರು ಕುಡಿದ ನೀರೂ ಅಲ್ಲ. ಡೆಂಗಿಯಲ್ಲಿ ಸಣ್ಣ ರಕ್ತನಾಳಗಳ ಬಿಗಿ ಸಡಿಲುತ್ತದೆ. ರಕ್ತದ ನೀರಂಶ ಹೊರಬಂದು ಕರುಳಿನ ಸುತ್ತ, ಶ್ವಾಸಕೋಶದ ಸುತ್ತ ನಿಲ್ಲುತ್ತದೆ. ಒಳಗೆ ಉಳಿದ ರಕ್ತ ಮಂದವಾಗುತ್ತದೆ. ಅಂದರೆ ಹೊಟ್ಟೆಯಲ್ಲಿ ನೀರು ಕಂಡಾಗ ರಕ್ತದಲ್ಲಿ ನೀರು ಕಡಿಮೆಯಾಗಿರುತ್ತದೆ! ಎಷ್ಟು ಕೊಡಬೇಕೆಂದು ಡಾಕ್ಟರು ಅಳೆದು ಹೇಳುತ್ತಾರೆ, ಜಾಸ್ತಿಯಾದರೂ ಕಷ್ಟವೇ. ನಾವಾಗಿ ನಿಲ್ಲಿಸುವುದಂತೂ ಅಲ್ಲ. ನರ್ಸಮ್ಮ ಬೈದು ಲೋಟ ವಾಪಸ್ ಕೊಡಿಸಿದರು.

ನಿಘಂಟಿನಲ್ಲಿ ಜಲೋದರ ಇದೆ. ಆದರೆ ಆ ಹೆಸರು ಕೇಳಿದರೆ ಕುಡಿದು ಲಿವರ್ ಹಾಳಾದವರ ಗುಡಾಣದಂಥ ಹೊಟ್ಟೆಯೇ ಕಣ್ಣಿಗೆ ಬರುತ್ತದೆ. ಸ್ಕ್ಯಾನಿನಲ್ಲಿ ಕಪ್ಪು ಗೆರೆಯಷ್ಟು ಕಾಣುವ ನೀರಿಗೆ ಅದು ಭಾರವಾಯಿತು. "ರಕ್ತನಾಳದಿಂದ ನೀರು ಒಸರಿ ಕರುಳಿನ ಸುತ್ತ ನಿಂತಿದೆ" ಅಂದರೆ ಹೇಗೆ? ಸೋರಿದೆ ಅಂದರೆ ಎಲ್ಲೋ ತೂತು ಬಿದ್ದಿದೆ ಅನ್ನಿಸುತ್ತದೆ. ಒಸರಲು ತೂತು ಬೇಡ, ಮಳೆಗಾಲದಲ್ಲಿ ಧರೆ ಒಸರುತ್ತದಲ್ಲ, ಹಾಗೆ. ಜಿನುಗು ಕೂಡ ಆದೀತು.

ಇನ್ನು ಆ ಪಿತ್ತಕೋಶದ ಗೋಡೆ. ಖಾಲಿ ಹೊಟ್ಟೆಯಲ್ಲಿ ನೋಡಿದರೆ 3 ಮಿ.ಮೀ. ಒಳಗಿರಬೇಕು. ಊಟ ಮಾಡಿ ಹೋದರೆ ಚೀಲ ಮುದುಡಿ ಗೋಡೆ ಸುಮ್ನೆ ದಪ್ಪ ಕಾಣುತ್ತದೆ. ಡೆಂಗಿಯಲ್ಲಿ ಒಸರಿದ ನೀರು ಗೋಡೆಯ ಪದರಗಳಲ್ಲೇ ಸೇರಿಕೊಳ್ಳುತ್ತದೆ. ರೋಗಿ ಚೇತರಿಸಿಕೊಂಡಂತೆ ಅದೂ ಇಳಿಯುತ್ತದೆ, ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಹಾಗಾಗಿ ಬಾವು ಖಂಡಿತ ಬೇಡ. ಹಲ್ಲಿನ ಬಾವು ನೆನಪಾಗಿ ಕೀವು, ಕೊಯ್ಯುವುದು ಎಲ್ಲ ಹಿಂದೆಯೇ ಬರುತ್ತದೆ. ಊತ ಪರವಾಗಿಲ್ಲ, ಬಸುರಿಯ ಕಾಲು ಊದುವ ಹಾಗೆ. ಆದರೆ "ಪಿತ್ತಕೋಶ ಊದಿದೆ" ಅಂದರೆ ಚೀಲವೇ ಬಲೂನಾಯಿತು ಅನ್ನಿಸುತ್ತದೆ, "ಗೋಡೆ ಊದಿದೆ" ಅಂದರೆ ಕಿವಿ ಒಪ್ಪುವುದಿಲ್ಲ. ಮಣ್ಣಿನ ಗೋಡೆಯ ಮನೆಯಲ್ಲಿ ಬೆಳೆದ ನನಗೆ ಬಾಯಿಗೆ ಬರುವುದು "ಗೋಡೆ ನೀರು ಕುಡಿದಿದೆ" ಅಂತಲೇ. ಡಾಕ್ಟರು ನಕ್ಕಾರು. ಆದರೆ ಆಗಿರುವುದು ಅದೇ ತಾನೆ?

ಸ್ಪ್ಲೀನಿಗೆ ಶಾಲೆಯಲ್ಲಿ ಗುಲ್ಮ ಅಂತ ಕಲಿತೆವು. ಆಯುರ್ವೇದದವರಿಗೆ ಅದು ಪ್ಲೀಹ, ಗುಲ್ಮ ಅಂದರೆ ಬೇರೆಯೇ ರೋಗ. ನಮ್ಮಜ್ಜಿ ಅದು ದೊಡ್ಡದಾದರೆ ಜ್ವರಗಡ್ಡೆ ಅನ್ನುತ್ತಿದ್ದರು. ಒಳ್ಳೆಯ ಮಾತು, ಆದರೆ ಈಗ ಗಡ್ಡೆ ಅಂದ ಕೂಡಲೇ ಜನ ಕ್ಯಾನ್ಸರ್ ಅಂದುಕೊಳ್ಳುತ್ತಾರೆ.

ಡೆಂಗಿಗೆ ಪತ್ರಿಕೆಗಳು ಬಳಸುವ "ರಕ್ತಸ್ರಾವ ಜ್ವರ"ವೂ ಹೀಗೇ. ರಕ್ತ ಕಾಣದಿದ್ದರೆ ಅಪಾಯವಿಲ್ಲ ಅಂತ ಜನ ಸುಮ್ಮನಿರುತ್ತಾರೆ, ಅಪಾಯ ಇರುವುದು ಹೆಚ್ಚಾಗಿ ಈ ಒಸರುವುದರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಡೆಂಗಿ ಜ್ವರ, ಡೆಂಗಿ ರಕ್ತಸ್ರಾವ ಜ್ವರ ಅನ್ನುವ ಹಳೆಯ ವಿಂಗಡಣೆ ಬಿಟ್ಟು, ಎಚ್ಚರಿಕೆಯ ಲಕ್ಷಣ ಇರುವ ಡೆಂಗಿ, ತೀವ್ರ ಡೆಂಗಿ ಅಂತೆಲ್ಲ ಬೇರೆ ಮಾಡಿತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಜ್ವರವೂ ಈ ರಕ್ತಸ್ರಾವ ಜ್ವರಗಳ ಗುಂಪಿನದೇ. ನಮ್ಮವರು ಅಲ್ಲಿ ರಕ್ತದ ಗೊಡವೆಗೇ ಹೋಗದೆ, ಸತ್ತ ಮಂಗಗಳನ್ನು ನೋಡಿ ಮಂಗನ ಕಾಯಿಲೆ ಅಂದರು.

ಪಿತ್ತಕೋಶದ ಗೋಡೆ ಹೀಗೆ ದಪ್ಪವಾದದ್ದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? ಒಸರು ಅನ್ನುವ ಮಾತು ಬಯಲುಸೀಮೆಯಲ್ಲಿ ನಡೆಯುತ್ತದೆಯೇ? ಕಿವಿಯಾರೆ ಕೇಳಿದ್ದಾದರೆ ಊರಿನ ಹೆಸರನ್ನೂ ಬರೆಯಿರಿ.